ಅಣ್ಣ ಮುಟ್ಟಿದ ಲಾಳಿ

ನನ್ನ ಕೆಲಸವೇ ತಪ್ಪು ಹುಡುಕುವುದು. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಮಗ್ಗಗಳಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆ ಕಲೆ ಕೂತಿದೆ, ಎಲ್ಲಿ ಅಂಚು ಸೊಟ್ಟಗಾಗಿದೆ ಎಂದು ನೋಡಿ ಮಡಚಿಡುವವಳು ನಾನು. ಮಗ್ಗ ನಡೆಸುವುದು, ಸೀರೆ ಮಾರುವುದು ಯಜಮಾನರ ಪಾಲು. ಮದುವೆಯಾದಾಗಿನಿಂದ ಇದನ್ನೇ ಮಾಡಿ ಮಾಡಿ ಮನುಷ್ಯರನ್ನೂ ಹಾಗೇ ಬೆಳಕಿಗೆ ಹಿಡಿದು ನೋಡುವ ಚಾಳಿ ಬಂದುಬಿಟ್ಟಿದೆ. ತಪ್ಪೇ ಇಲ್ಲದ ಸೀರೆ ಸಿಕ್ಕರೆ ನನಗೆ ಇನ್ನೂ ಜಾಸ್ತಿ ಅನುಮಾನ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಬಂದ ಕಾಯಿಲೆ ಲಿವರಿನದಾದರೂ ಅದಕ್ಕಿಂತ ಹೆಚ್ಚು ಕಾಟ ಕೊಟ್ಟಿದ್ದು ಈ ಚಾಳಿ.

ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ತೆಗೆಸಲೇಬೇಕು ಎಂದಾಗ ಊರಿನ ಒಂದು ಆಸ್ಪತ್ರೆಗೆ ಸೇರಿದೆ. ಹಿಂದಿನ ದಿನ ರಕ್ತ ತೆಗೆದುಕೊಂಡು ಹೋಗಿದ್ದರು. ಬೆಳಿಗ್ಗೆ ಮೊದಲ ಸರದಿ ನನ್ನದೇ ಎಂದು ಖಾಲಿ ಹೊಟ್ಟೆಯಲ್ಲಿ ಹಸಿರು ಗೌನು ತೊಟ್ಟು ಕೂತಿದ್ದೆ. ನರ್ಸ್ ಬಂದಳು.

"ಅಕ್ಕಾ, ನಿಮ್ದು ಇವತ್ತು ಎಲ್ಲಾರ್ದೂ ಆದ್ಮೇಲೆ ಮಾಡ್ತಾರಂತೆ."

"ಯಾಕಮ್ಮಾ?"

"ಸುಮ್ನೆ ಅಕ್ಕಾ. ಡಾಕ್ಟ್ರು ಹೇಳಿದ್ರು."

ಸುಮ್ಮನೆ ಯಾರೂ ಯಾರನ್ನೂ ಸಾಲಿನ ಹಿಂದಕ್ಕೆ ಕಳಿಸುವುದಿಲ್ಲ. ನನ್ನ ಕೈಗೆ ಸೂಜಿ ಚುಚ್ಚುವಾಗ ಆ ಹುಡುಗಿ ಒಂದರ ಮೇಲೊಂದು ಎರಡು ಗ್ಲೌಸ್ ಹಾಕಿಕೊಂಡಳು. ಪಕ್ಕದ ಮಂಚದವಳಿಗೆ ಒಂದೇ ಹಾಕಿಕೊಂಡಿದ್ದಳು, ನಾನು ನೋಡಿದ್ದೆ. ಅಷ್ಟರಲ್ಲಿ ಬಾಗಿಲಿನ ಗಾಜಿನ ಆಚೆ ಡಾಕ್ಟರು ನಮ್ಮ ಯಜಮಾನರ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದರು. ಯಜಮಾನರು ನನ್ನ ಕಡೆ ತಿರುಗಿ ನೋಡಿ, ತಕ್ಷಣ ಮುಖ ಆ ಕಡೆ ಮಾಡಿಕೊಂಡರು. ಕಾಯಿಲೆ ನನ್ನದು, ಗುಟ್ಟು ಅವರಿಬ್ಬರದು. ಒಳಗೆ ಬಂದಾಗ ಕೇಳಿದ್ದಕ್ಕೆ, "ಏನೋ ಇನ್‌ಫೆಕ್ಷನ್ ಅಂತೆ ಪದ್ಮಾ. ಮೊದ್ಲು ಆಪರೇಷನ್ ಆಗ್ಲಿ, ಆಮೇಲೆ ಮಾತಾಡಣ" ಅಂದರು.

ಆಪರೇಷನ್ ಸರಿಯಾಗಿಯೇ ಆಯಿತು. ಹೊರಡುವ ದಿನ ಡಾಕ್ಟರು ವಿಷಯ ಹೇಳಿದರು. ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಎನ್ನುವ ವೈರಸ್ ಇದೆ, ಅದು ಲಿವರಿಗೆ ಸಂಬಂಧಿಸಿದ್ದು, ಬೆಂಗಳೂರಿನಲ್ಲಿ ಲಿವರ್ ಡಾಕ್ಟರಿಗೆ ತೋರಿಸಬೇಕು. ಹೇಗೆ ಬಂತು ಸಾರ್ ಎಂದು ಕೇಳಿದೆ. "ಹೆಂಗಾದ್ರೂ ಬಂದಿರಬಹುದಮ್ಮಾ, ಅದನ್ನ ಈಗ ಹೇಳಕ್ಕಾಗಲ್ಲ" ಅಂದರು. ಹೊರಗೆ ಬಂದರೆ ಗೋಡೆಯ ಮೇಲೆ ಅದರದೇ ಪೋಸ್ಟರ್. ಸೂಜಿಯಿಂದ, ರಕ್ತದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನನ್ನ ಕಣ್ಣು ಕಡೆಯ ಸಾಲಿನಲ್ಲಿ ನೆಟ್ಟು ನಿಂತುಬಿಟ್ಟಿತು. ಮೇಲಿನದೆಲ್ಲ ನನ್ನ ಮಟ್ಟಿಗೆ ಇರಲೇ ಇಲ್ಲ.

ಈ ಹೆಸರು ತಮ್ಮ ರಿಪೋರ್ಟಿನಲ್ಲಿ ಕಂಡವರಿಗೆ ನನ್ನ ಮಾತು ಅರ್ಥವಾಗುತ್ತದೆ. ಬದುಕುತ್ತೇನೋ ಇಲ್ಲವೋ ಎನ್ನುವುದು ಆಮೇಲೆ. ಮೊದಲು ತಲೆಗೆ ಹೊಗುವುದು, ಯಾರಿಂದ ಬಂತು? ನಾನು ಮನೆ ಬಿಟ್ಟು ಹೋದವಳಲ್ಲ. ಯಜಮಾನರು ಸೀರೆ ಗಂಟು ಹೊತ್ತು ಧರ್ಮಾವರ, ಹೈದರಾಬಾದ್ ಎಂದು ತಿರುಗುವವರು, ಲಾಡ್ಜಿನಲ್ಲಿ ಉಳಿಯುವವರು. ಇನ್ನು ಪತ್ತೆ ಮಾಡುವುದಕ್ಕೆ ಏನಿದೆ ಎಂದುಕೊಂಡೆ. ಈ ಮನುಷ್ಯನ ಜೊತೆ ಇನ್ನು ಬಾಳುವುದೋ, ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗುವುದೋ ಎಂಬುದೊಂದೇ ಆಗ ನನ್ನ ಮುಂದಿದ್ದ ಪ್ರಶ್ನೆ.

ಮನೆಗೆ ಬಂದವಳು ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಯಾರೂ ಹೇಳಿರಲಿಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಕಾವ್ಯಾ, "ಅಮ್ಮಾ, ಯಾಕೆ ಹಿಂಗೆ ಮೂಲೇಲಿ ಕೂತ್ಕೊಂಡು ಊಟ ಮಾಡ್ತೀಯಾ?" ಎಂದು ಅತ್ತಳು. ಯಜಮಾನರು ಬಂದು ನನ್ನ ತಟ್ಟೆಯಿಂದಲೇ ಒಂದು ತುತ್ತು ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡರು. "ಊಟದಿಂದ ಬರಲ್ಲ ಅಂತ ಡಾಕ್ಟ್ರು ಹೇಳವ್ರೆ" ಅಂದರು. ಬೇರೆ ಯಾರಾದರೂ ಆಗಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಸಿಟ್ಟು ಬಂತು. ಮದುವೆಯಾದಾಗಿನಿಂದ ನನ್ನ ತಟ್ಟೆಗೆ ಕೈ ಹಾಕದವರು ಇವತ್ತು ಇಷ್ಟು ಒಳ್ಳೆಯವರಾಗಿದ್ದಾರೆ ಎಂದರೆ ತಪ್ಪು ಎಷ್ಟು ದೊಡ್ಡದಿರಬೇಕು! ಬೆಳಿಗ್ಗೆ ಕಾಫಿ ಮಾಡಿಕೊಟ್ಟರು, ಅದೂ ಅನುಮಾನ. ಹೈದರಾಬಾದಿಗೆ ಈ ಸಲ ಹೋಗುವುದಿಲ್ಲ ಎಂದರು, ಅದಂತೂ ಖಂಡಿತ ಅನುಮಾನ.

ಹೊಲಿಗೆ ಮಾಗಿದ ಮೇಲೆ ಒಂದು ದಿನ ಮಧ್ಯಾಹ್ನ, ಮಗ್ಗ ನಿಲ್ಲಿಸಿ ಊಟಕ್ಕೆ ಬಂದವರ ಮುಂದೆ ನಮ್ಮಪ್ಪನ ಲಾಳಿಯನ್ನು ತಂದಿಟ್ಟೆ.

ಈ ಲಾಳಿಯ ಕಥೆ ಹೇಳಬೇಕು. ನಮ್ಮಪ್ಪ ಕೈಮಗ್ಗದ ಕಾಲದವರು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ನೂಲು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡಾಡುವ ಮರದ ಲಾಳಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಅನ್ನ ಕೊಟ್ಟ ಲಾಳಿ, ಅದನ್ನು ಹಿಡಿದು ಸುಳ್ಳು ಹೇಳಿದರೆ ಉಳಿಗಾಲವಿಲ್ಲ ಎಂಬುದು ನನ್ನ ತವರಿನ ನಂಬಿಕೆ. ಅಲ್ಲಿ ಎಂಥ ಜಗಳವಿದ್ದರೂ ಲಾಳಿ ಮುಟ್ಟಿ ಹೇಳಿದರೆ ಮುಗಿಯಿತು.

ನಮ್ಮಣ್ಣ ನಾಗರಾಜನದು ಮಾತ್ರ ಮುಗಿಯಲಿಲ್ಲ. ಅವನಿಗೆ ಮದುವೆಯಾಗಿ ಕೆಲವು ವರ್ಷಕ್ಕೆ ಕಣ್ಣು ಹಳದಿಯಾಗಿ, ಕಾಲು ಊದಿಕೊಂಡವು. ತೋರಿಸಿದ ಕಡೆ, "ಲಿವರ್ ಹಾಳಾಗಿದೆ, ಕುಡಿಯೋದು ಬಿಡಿಸಿ" ಅಂದರು. ನಾನು ಕುಡಿದೇ ಇಲ್ಲ ಎಂದು ಅವನು ಕೂಗಾಡಿದ. ಲಿವರ್ ಹೋಗುವುದು ಕುಡುಕರಿಗೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ, ಅವನ ಮಾತು ಯಾರ ಕಿವಿಗೆ ಬೀಳಬೇಕು? ಕೊನೆಗೆ ಅಮ್ಮ ಲಾಳಿ ತಂದು ಅವನ ಕೈಗಿಟ್ಟಳು. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು, "ಒಂದು ಹನಿ ಕುಡಿದಿಲ್ಲ" ಎಂದು ಹೇಳಿದ. ಮುಂದಿನ ತಿಂಗಳೇ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಸುಳ್ಳು ಆಣೆ ಮಾಡಿದ್ದಕ್ಕೆ ಹೀಗಾಯಿತು ಎಂದು ಎಲ್ಲರೂ ತೀರ್ಮಾನಿಸಿದರು. ಅವನು ತೀರಿಕೊಂಡ ಮೇಲೆ ಅಮ್ಮ ಆ ಲಾಳಿಯನ್ನು ಕಣ್ಣಲ್ಲಿ ನೋಡಲಾಗದೆ ನನಗೆ ಕೊಟ್ಟುಬಿಟ್ಟಳು. ಅಂದಿನಿಂದ ಅದು ನನ್ನ ದೇವರ ಗೂಡಿನಲ್ಲಿತ್ತು.

"ಇದನ್ನ ಮುಟ್ಟಿ ಹೇಳ್ರಿ" ಎಂದೆ ಯಜಮಾನರಿಗೆ. "ಊರೂರು ತಿರುಗ್ತೀರಲ್ಲ, ಯಾರ ಹತ್ರಾನೂ ಹೋಗಿಲ್ಲ ಅಂತ ಹೇಳಿ."

ಅವರು ಲಾಳಿಯನ್ನೇ ನೋಡುತ್ತ ನಿಂತರು. ಕೈ ಮಾತ್ರ ಮುಂದೆ ಬರಲಿಲ್ಲ.

"ಮುಟ್ಟಲ್ಲ ಪದ್ಮಾ."

"ಯಾಕೆ? ಭಯಾನಾ?"

"ಹೂಂ, ಭಯಾನೇ. ನಿಮ್ಮಣ್ಣ ಮುಟ್ಟಿ ಹೇಳ್ದ. ನೀವ್ಯಾರಾದ್ರೂ ನಂಬಿದ್ರಾ? ನಾಳೆ ನಂಗೆ ಒಂದು ಜ್ವರ ಬಂದ್ರೂ ಸುಳ್ಳು ಆಣೆ ಮಾಡ್ದ ಅಂತೀಯ. ನನ್ನ ರಕ್ತ ತಗೊಂಡ್ಹೋಗಿ ನೋಡ್ಸು, ಬೇಕಾದಷ್ಟು ಕೊಡ್ತೀನಿ. ಇದನ್ನ ಮಾತ್ರ ಮುಟ್ಟಲ್ಲ."

ಊಟ ಮಾಡದೆ ಎದ್ದು ಹೋದರು. ಮಗ್ಗದ ಸದ್ದು ಮತ್ತೆ ಶುರುವಾಯಿತು. ಮುಟ್ಟಲಿಲ್ಲ ಎಂದರೆ ಒಪ್ಪಿಕೊಂಡ ಹಾಗೆಯೇ ಎಂದು ನಾನು ಅಡುಗೆಮನೆಯಲ್ಲಿ ಕೂತು ಅತ್ತೆ.

ರಕ್ತ ಕೊಟ್ಟರು. ಅವರದೂ ಕಾವ್ಯಾಳದೂ ಒಟ್ಟಿಗೇ ಕಳಿಸಿದೆವು. ಮಗಳಿಗೆ ಹುಟ್ಟಿದಾಗಲೇ ಆಸ್ಪತ್ರೆಯಲ್ಲಿ ಲಸಿಕೆ ಹಾಕಿದ್ದರಂತೆ, ಅವಳ ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಹುಟ್ಟಿದ ಕೂಸಿಗೆ ಚುಚ್ಚಿ ಅಳಿಸಿದಳಲ್ಲ ಎಂದು ಅವತ್ತು ನಾನು ಬೈದುಕೊಂಡಿದ್ದ ನರ್ಸಮ್ಮ ಎಲ್ಲಿದ್ದರೂ ಚೆನ್ನಾಗಿರಲಿ. ಯಜಮಾನರ ರಿಪೋರ್ಟಿನಲ್ಲಿಯೂ ಏನೂ ಇಲ್ಲ ಎಂದರು. ಅದನ್ನು ಮಾತ್ರ ನಾನು ನಂಬಲಿಲ್ಲ. ಲ್ಯಾಬಿನವನು ಇವರ ಜೊತೆ ಓದಿದವನು, ಹೋಗೋ ಬಾರೋ ಎನ್ನುವಷ್ಟು ಸಲಿಗೆ. ಇನ್ನೊಂದು ದಿನ ಯಲಹಂಕಕ್ಕೆ ಎಳೆದುಕೊಂಡು ಹೋಗಿ, ಗುರುತಿಲ್ಲದ ಲ್ಯಾಬಿನಲ್ಲಿ, ಸೂಜಿ ಇವರ ತೋಳಿಗೇ ಹೋಗುತ್ತದೆಯೇ, ಶೀಶೆಯ ಮೇಲೆ ಇವರ ಹೆಸರೇ ಅಂಟಿಸುತ್ತಾರೆಯೇ ಎಂದು ಎದುರಿಗೇ ನಿಂತು ನೋಡಿದೆ. ಯಜಮಾನರು ತೋಳು ಚಾಚಿ, "ಇನ್ನೊಂದು ಶೀಶೆ ಬೇಕಾ ಮೇಡಮ್?" ಎಂದು ನನ್ನನ್ನೇ ಕೇಳಿದರು. ಲ್ಯಾಬಿನ ಹುಡುಗಿ ನಕ್ಕಳು. ಅಲ್ಲಿಯೂ ಏನೂ ಇಲ್ಲ ಎಂದೇ ಬಂತು.

ಆಮೇಲೆ ಬೆಂಗಳೂರಿನ ಲಿವರ್ ಡಾಕ್ಟರು. ಲಿವರ್ ಡಾಕ್ಟರ ಬಾಗಿಲ ಮುಂದೆ ಕಾಯುವುದೇ ಒಂದು ಶಿಕ್ಷೆ. ಅಲ್ಲಿ ಕೂತವರೆಲ್ಲ ಪಕ್ಕದವರನ್ನು ಓರೆಗಣ್ಣಿನಿಂದ ಅಳೆಯುತ್ತಿರುತ್ತಾರೆ. ಮಗನನ್ನು ಕರೆದುಕೊಂಡು ಬಂದಿದ್ದ ಅಜ್ಜಿಯೊಬ್ಬರು ನನ್ನ ತಾಳಿ, ಬಳೆ, ಕಾಲುಂಗುರ ಎಲ್ಲ ನೋಡಿ ಮುಗಿಸಿ ಮೆಲ್ಲಗೆ ಕೇಳಿದರು.

"ನಿಮ್ಮೆಜಮಾನ್ರನ್ನ ತೋರ್ಸಕ್ಕೆ ಬಂದಿದ್ದೀರೇನಮ್ಮಾ?"

"ಇಲ್ಲ ಅಜ್ಜಿ, ನನಗೇ."

"ಅಯ್ಯೋ! ಹೆಂಗಸರೂ ಕುಡೀತಾರಾ ನಿಮ್ಮ ಕಡೆ?"

"ನಾನು ಕುಡಿಯಲ್ಲ ಅಜ್ಜೀ!" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಕಾಯುತ್ತಿದ್ದವರೆಲ್ಲ ತಿರುಗಿದರು. ಅಜ್ಜಿ, "ಆಯ್ತು ಬಿಡವ್ವಾ, ಆಯ್ತು" ಎಂದು ಸೆರಗು ಸರಿಮಾಡಿಕೊಂಡರು. ಆ 'ಆಯ್ತು ಬಿಡವ್ವಾ' ಕೇಳಿದಾಗ ನನಗೆ ಅಣ್ಣ ನೆನಪಾದ. ಅವನಿಗೂ ಎಲ್ಲರೂ ಹೀಗೇ ಹೇಳುತ್ತಿದ್ದರು. ಯಾಕೋ ಆ ನೆನಪು ಅಲ್ಲಿಗೇ ನಿಲ್ಲದೆ ಒಳಗೊಳಗೇ ಕೊರೆಯತೊಡಗಿತು.

ಡಾಕ್ಟರು ಕನ್ನಡಕ ಹಾಕಿದ, ಅವಸರವಿಲ್ಲದ ಹೆಂಗಸು. ರಕ್ತದಲ್ಲಿ ವೈರಸ್ ಎಷ್ಟಿದೆ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದೆಲ್ಲ ನೋಡಿಸಿ, ದಿನಕ್ಕೊಂದು ಮಾತ್ರೆ ಬರೆದರು. ಇದು ಪೂರ್ತಿ ಹೋಗುವುದು ಅಪರೂಪ, ಆದರೆ ಹದ್ದುಬಸ್ತಿನಲ್ಲಿ ಇರುತ್ತದೆ, ನಮ್ಮನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಆರು ತಿಂಗಳಿಗೊಮ್ಮೆ ರಕ್ತ, ಸ್ಕ್ಯಾನ್ ಎಂದರು. ಎಲ್ಲಕ್ಕೂ ತಲೆಯಾಡಿಸಿದೆ. ಯಜಮಾನರು ಫೀಸು ಕಟ್ಟಲು ಹೊರಗೆ ಹೋದಾಗ ಎದೆಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಮೇಡಮ್, ಅವರಿಗೆ ಮುಂಚೆ ಬಂದು, ನನಗೆ ಕೊಟ್ಟು, ಅವರಿಗೆ ವಾಸಿಯಾಗಿರಬಹುದಾ?"

ಡಾಕ್ಟರು ನನ್ನನ್ನು ಒಂದು ಸಲ ನೋಡಿದರು. "ದೊಡ್ಡವರಾದ ಮೇಲೆ ಬಂದ್ರೆ ಸುಮಾರು ಜನಕ್ಕೆ ತಾನಾಗೇ ವಾಸಿಯಾಗುತ್ತೆ. ಬಂದು ಹೋಗಿದ್ಯಾ ಅಂತ ನೋಡೋ ಟೆಸ್ಟ್ ಇದೆ. ಮಾಡಿಸ್ಲಾ?"

"ಮಾಡ್ಸಿ" ಎಂದೆ. ಹೀಗೆ ಮೂರನೇ ಸಲವೂ ಯಜಮಾನರ ತೋಳಿಗೆ ಸೂಜಿ ಬಿತ್ತು. ಯಾಕೆ ಎಂದು ಅವರು ಕೇಳಲೂ ಇಲ್ಲ.

ಮುಂದಿನ ವಾರ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಹೇಳಿದರು. "ಈ ವೈರಸ್ ಇವರ ಮೈಯನ್ನ ಯಾವತ್ತೂ ಹೊಕ್ಕಿಲ್ಲ. ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿನೂ ಇವರಿಗೆ ಬರದೇ ಇದ್ದಿದ್ದು ಇವರ ಅದೃಷ್ಟ. ಇವತ್ತೇ ಲಸಿಕೆ ಶುರು ಮಾಡೋಣ."

ಇವರಿಂದ ನನಗೆ ಬಂದಿರಲಿಲ್ಲ. ನನ್ನಿಂದ ಇವರಿಗೆ ಹೋಗಬಹುದಾಗಿತ್ತು. ಅವರು ತೋಳು ಮೇಲೆತ್ತಿ ಲಸಿಕೆ ಹಾಕಿಸಿಕೊಂಡು, "ಇನ್ನಾದ್ರೂ ಊಟ ಮಾಡಣ್ವಾ? ಹಸಿವಾಗ್ತಿದೆ" ಅಂದರು. ಹೋಟೆಲಿನಲ್ಲಿ ನನ್ನ ದೋಸೆಯನ್ನು ಅವರ ತಟ್ಟೆಗೆ ಸರಿಸಿದೆ. "ರೀ, ನನ್ನ ಮೇಲೆ ಕೋಪ ಇಲ್ವಾ?" ಎಂದೆ. "ಇದೆ" ಎಂದರು. "ಬೇಜಾನ್ ಇದೆ. ಮೊದ್ಲು ನಿಂಗೆ ವಾಸಿಯಾಗ್ಲಿ, ಆಮೇಲೆ ಜಗಳ ಆಡ್ತೀನಿ." ಅಮ್ಮನ ಮನೆಗೆ ಹೋಗುವ ಯೋಚನೆ ಅವತ್ತು ಆ ಟೇಬಲ್ಲಿನ ಮೇಲೆಯೇ ಬಿಟ್ಟು ಬಂದೆ.

ಇಷ್ಟರ ನಡುವೆ ಎದುರು ಮನೆಯವರ ಮಾತು ಕೇಳಿ ಕಾಮಾಲೆಗೆ ಸೊಪ್ಪಿನ ರಸ ಕೊಡುವವರ ಹತ್ತಿರವೂ ಹೋಗಿದ್ದೆ. ಆತ ನನ್ನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಮಾತ್ರೆ ನಿಲ್ಲಿಸಿದರೆ ಮಾತ್ರ ಔಷಧಿ ಹಿಡಿಯುತ್ತದೆ ಅಂದ. ಯಾವ ಸೊಪ್ಪು ಎಂದು ಕೇಳಿದರೆ ಹೇಳಲಿಲ್ಲ. ಹೆಸರು ಹೇಳದ ಸೊಪ್ಪನ್ನು ನಾನು ಸಾರಿಗೂ ಹಾಕುವವಳಲ್ಲ. ರಸವನ್ನು ಬರುವ ದಾರಿಯಲ್ಲೇ ಚರಂಡಿಗೆ ಸುರಿದೆ. ನನ್ನ ಚಾಳಿಯಿಂದ ನನಗೆ ಒಳ್ಳೆಯದಾಗಿದ್ದು ಅದೊಂದೇ ಸಲ.

ಹಾಗಾದರೆ ಬಂದಿದ್ದೆಲ್ಲಿಂದ? "ನಿಮ್ಮ ತಾಯಿ ಇದ್ದಾರಾ? ಅವರ ರಕ್ತಾನೂ ನೋಡಣ" ಎಂದಿದ್ದರು ಡಾಕ್ಟರು. ಮನೆಮಂದಿಗೆಲ್ಲ ಟೆಸ್ಟು ಎಂದರೆ ಈ ಡಾಕ್ಟರಿಗೇನೋ ಲಾಭವಿರಬೇಕು ಎಂದು ಮೊದಲು ಅನ್ನಿಸಿತು. ಆಸ್ಪತ್ರೆಯ ಆ ಪೋಸ್ಟರಿನಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ 'ತಾಯಿಯಿಂದ ಮಗುವಿಗೆ' ಎಂಬ ಸಾಲು ಆಮೇಲೆ ನೆನಪಾಯಿತು.

ಅಮ್ಮ ಸುಲಭಕ್ಕೆ ಬಗ್ಗಲಿಲ್ಲ. "ನಂಗೇನಾಗೈತೆ? ಗುಂಡುಕಲ್ಲು ಇದ್ದಂಗಿದೀನಿ. ನಿನ್ನ ಗಂಡನ್ನ ಬಚಾವ್ ಮಾಡಕ್ಕೆ ನನ್ನ ತಲೆ ಮೇಲೆ ಹಾಕ್ತಿದೀಯೇನೇ?" ಎಂದಳು. ಅನುಮಾನ ನನಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಯಾವ ಟೆಸ್ಟೂ ಬೇಕಿರಲಿಲ್ಲ. ಕೊನೆಗೆ ಯಜಮಾನರೇ ಹೋಗಿ, "ಅತ್ತೆ, ನಾನೇ ಮೂರು ಸಲ ಚುಚ್ಚಿಸ್ಕೊಂಡೆ, ನೀವು ಒಂದ್ಸಲ ಕೊಡಿ" ಎಂದು ಒಪ್ಪಿಸಿದರು.

ಅಮ್ಮನ ರಕ್ತದಲ್ಲಿ ವೈರಸ್ ಇತ್ತು. ಬಹಳ ಹಳೆಯದಿರಬೇಕು, ಅವಳಿಗೆ ಏನೂ ಕಾಟ ಕೊಡದೆ ಸುಮ್ಮನಿದೆ, ಸದ್ಯಕ್ಕೆ ಮಾತ್ರೆಯೂ ಬೇಡ, ಆಗಾಗ ನೋಡಿಸುತ್ತಿದ್ದರೆ ಸಾಕು ಎಂದರು ಡಾಕ್ಟರು. ಹೆರಿಗೆ ಹೊತ್ತಿನಲ್ಲಿ ನನಗೆ ಬಂದಿರುವ ಸಾಧ್ಯತೆಯೇ ಹೆಚ್ಚು ಎಂದೂ ಹೇಳಿದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಇವಳಿಗೆ ನನ್ನಿಂದ ಬಂತು. ಹಂಗಾದ್ರೆ ಇವಳಿಗಿಂತ ಮೊದ್ಲು ಹೆತ್ತೋನಿಗೆ?"

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅಣ್ಣನ ಹಳದಿ ಕಣ್ಣು, ಊದಿದ ಕಾಲು, ಹೊಟ್ಟೆಯ ನೀರು, ಕುಡುಕ ಎಂದು ಬಂದ ಹೆಸರು ಎಲ್ಲವನ್ನೂ ನಾನೇ ಡಾಕ್ಟರಿಗೆ ಹೇಳಿದೆ.

"ಅವರ ರಕ್ತ ನೋಡದೆ ನಾನು ಖಂಡಿತ ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು. "ಆದ್ರೆ ಒಂದು ಹನಿ ಕುಡೀದೇ ಇದ್ದೋರಿಗೂ ಈ ವೈರಸ್‌ನಿಂದ ಹಾಗೇ ಆಗುತ್ತೆ ಅಮ್ಮಾ. ಅವರ ಹೆಂಡತಿ ಇದ್ರೆ ಅವರೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಲಿ."

ಒಂದು ಹನಿ ಎಂಬ ಮಾತು ಡಾಕ್ಟರ ಬಾಯಲ್ಲಿ ತಾನಾಗಿ ಬಂತು. ಅಣ್ಣ ಲಾಳಿ ಹಿಡಿದು ಹೇಳಿದ ಮಾತು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಅಲ್ಲಿ ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ರಾಜಾನುಕುಂಟೆ ದಾಟಿದ ಮೇಲೆ, ಕಿಟಕಿಯ ಕಂಬಿಗೆ ಹಣೆಯೊತ್ತಿಕೊಂಡು ಜನರೆಲ್ಲ ನೋಡುವಂತೆ ಅತ್ತಳು. ಇಳಿಯುವಾಗ ಒಂದೇ ಮಾತು ಹೇಳಿದಳು. "ಆ ಲಾಳೀನ ನಮ್ಮನೆಗೆ ತಂದ್ಕೊಡು."

ಗಿರಿಜತ್ತಿಗೆ, ಅಂದರೆ ಅಣ್ಣನ ಹೆಂಡತಿ, ಇದೇ ಊರಿನಲ್ಲಿ ಇನ್ನೊಂದು ಬೀದಿಯಲ್ಲಿ ಒಬ್ಬಳೇ ಇದ್ದಾಳೆ. ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಮಕ್ಕಳಿಲ್ಲ. ಕುಡುಕನ ಹೆಂಡತಿ ಎಂಬ ಹೆಸರನ್ನು ಇಷ್ಟು ವರ್ಷ ಹೊತ್ತುಕೊಂಡು, ಗಂಡನ ವಿಷಯ ಬಂದರೆ ಎದ್ದು ಒಳಗೆ ಹೋಗುವವಳು. ಅವಳ ರಿಪೋರ್ಟಿನಲ್ಲಿ ಏನೂ ಇರಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ನನ್ನಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ಕೊನೆಯವರೆಗೂ ಅದೇ ಅನುಮಾನದಲ್ಲಿ ಇರುವುದು ಬೇಡ.

ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದವಳು ನಾನೇ. ಕಾಯುವ ಬೆಂಚಿನ ಮೇಲೆ ಎಲ್ಲ ಹೇಳಿದೆ. ಅಮ್ಮನ ರಕ್ತ, ನನ್ನ ರಕ್ತ, ಡಾಕ್ಟರ ಮಾತು, ಎಲ್ಲ. ಹೆಸರು ಕೂಗಿದಾಗ ಅತ್ತಿಗೆ ಎದ್ದು ಹೋಗಿ, ರಕ್ತ ಕೊಟ್ಟು, ತೋಳಿನ ಮಡಿಕೆಗೆ ಹತ್ತಿ ಒತ್ತಿಕೊಂಡು ಬಂದು ಮತ್ತೆ ನನ್ನ ಪಕ್ಕದಲ್ಲೇ ಕೂತಳು.

"ಪದ್ಮಾ, ನಾನು ದಿನಾ ಅವರ ಬಾಯಿ ಮೂಸ್ತಿದ್ದೆ ಕಣೇ" ಎಂದಳು. "ಮಗ್ಗ ನಿಲ್ಸಿ ಮನೆಗೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ಕೊಂಡು ಮೂಸ್ತಿದ್ದೆ. ಪಾಪ, ಅವರೇ ಬಾಯಿ ತೆಗೆದು ನಿಂತ್ಕೊಳ್ಳೋರು. ಒಂದಿನಾನೂ ವಾಸನೆ ಬರ್ಲಿಲ್ಲ."

ಹತ್ತಿಯನ್ನು ತೆಗೆದು ನೋಡಿದಳು. ರಕ್ತ ನಿಂತಿತ್ತು. ಆದರೂ ಮತ್ತೆ ಅಲ್ಲೇ ಒತ್ತಿ ಹಿಡಿದಳು.

"ವಾಸನೆ ಬರ್ದೇ ಇರೋ ಅಂಥದ್ದೇನೋ ಕುಡೀತಾವ್ರೆ ಅಂದ್ಕೊಂಡಿದ್ದೆ."